ಗೊರಕಿ ಬ್ಯಾರೆ ಐತಿ

ಅಧ್ಯಕ್ಷತೆ ವಹಿಸಿರುವ ಮಾನ್ಯ ಮಾಮಲೇದಾರ ಸಾಹೇಬರೇ, ರಾಮದುರ್ಗದಿಂದ ಚಕ್ಕಡಿಯೊಳಗ ಧೂಳು ಕುಡಕೋತ ಬಂದಿರುವ ಮುಖ್ಯ ಅತಿಥಿಗಳೇ, ಮಾನಪತ್ರ ಬರೆದು ತಾವೇ ರಾಗವಾಗಿ ಓದಿದ ನೀಲಪ್ಪ ಮಾಸ್ತರರೇ, ಎಡಕ್ಕ ಚಾಪಿ ಮ್ಯಾಲೆ ಕುಂತ ತಾಯಂದಿರೇ, ಬಲಕ್ಕ ಕುಂತು ಆಗಲೇ ತಂಬಾಕ ತಿಕ್ಕಾಕ ಹತ್ತಿರುವ ಹಿರಿಯರೇ, ಮತ್ತು ಜಾಗಾ ಸಾಲದ ಕಿಟಕಿ ಹಿಡಕೊಂಡು ನಿಂತ ಸಮಸ್ತ ಸಭಿಕರೇ,

ಈ ಕೊರಳಿಗೆ ಇಷ್ಟು ಹಾರ ಯಾವತ್ತೂ ಬಿದ್ದಿದ್ದಿಲ್ಲ. ಮೂವತ್ತೆರಡು ವರ್ಷ ನೀವೆಲ್ಲ ನನ್ನ ಮುಂದ ಕುಂತು ನಾಲಿಗಿ ಚಾಚಿ ತೋರಿಸೀರಿ. ಇವತ್ತ ನನ್ನ ನಾಲಿಗಿ ನೋಡುವ ಸರದಿ ನಿಮ್ಮದು. ಹಿತ್ತಲದಿಂದ ಹೋಳಿಗಿ ವಾಸನಿ ಬರಾಕ ಹತ್ತೈತಿ ಅನ್ನೂದು ನನಗೂ ಗೊತ್ತೈತಿ. ಆದರೂ ಒಂದೀಟು ತಡೀರಿ. ಹೋಳಿಗಿ ಎಲ್ಲೂ ಓಡಿ ಹೋಗೂದಿಲ್ಲ, ನಾನಂತೂ ನಾಳೆಯಿಂದ ದವಾಖಾನ್ಯಾಗ ಇರೂದಿಲ್ಲ.

ನಾನು ಉಳವಪ್ಪ, ಸಂಪಗಾಂವದವ. ತಾಲೂಕಿನ ಹೆಸರು ನಮ್ಮೂರಿಂದು, ಕಚೇರಿ ಮಾತ್ರ ನಿಮ್ಮ ಬೈಲಹೊಂಗಲದಾಗ. ಕಚೇರಿ ಹಿಂದ ನಾನೂ ಬಂದೆ ಅಂತ ತಿಳೀರಿ. ಪುಣೆಯೊಳಗ ವೈದ್ಯ ಕಲಿತು ಹಾಸ್ಪಿಟಲ್ ಅಸಿಸ್ಟಂಟ್ ಆಗಿ ಸೇರಿದೆ. ಮೊನ್ನೆ ಮೊನ್ನೆ ಸರಕಾರ ನಮ್ಮನ್ನೆಲ್ಲ ಸಬ್ ಅಸಿಸ್ಟಂಟ್ ಸರ್ಜನ್ ಅಂತ ಕರೀತು. ಹೆಸರು ಉದ್ದ ಆತು, ಮೈಮ್ಯಾಲಿನ ಕೋಟು ಅದೇ ಉಳೀತು. ಕಿತ್ತೂರಾಗ ದುಡದೆ, ಸವದತ್ತಿಯೊಳಗ ದುಡದೆ, ಕಡೀಕ ಇಲ್ಲಿ ದುಡದೆ. ಪ್ಲೇಗಿನ ವರ್ಷ ಇಡೀ ಊರು ಹೊಲದಾಗ ಗುಡಿಸಲ ಹಾಕ್ಕೊಂಡು ಕುಂತಾಗ ನಾನು ಊರಾಗ ಉಳಿದೆ. ಹೆಮ್ಮಿ ಪಡಬಾರದು ಅಂತಾರ ದೊಡ್ಡವರು. ಯಾಕ ಪಡಬಾರದ್ರಿ? ಬಿತ್ತಿದ ರೈತ ತೆನಿ ನೋಡಿ ಹೆಮ್ಮಿ ಪಡೂದಿಲ್ಲೇನು? ನಾನೂ ಪಡತೇನಿ. ಇವತ್ತಂತೂ ಹೊಟ್ಟಿ ತುಂಬ ಪಡತೇನಿ.

ನೀಲಪ್ಪ ಮಾಸ್ತರರು ನನ್ನ ಮ್ಯಾಲಿನ ಪ್ರೀತಿಗೆ ಮಾನಪತ್ರದೊಳಗ ಒಂದು ಸಾಲು ಬರದಾರ. ನೀವೂ ಕೇಳಿದ್ರಿ, ಚಪ್ಪಾಳಿನೂ ತಟ್ಟಿದ್ರಿ. "ತಪ್ಪೆಂಬುದನ್ನು ಕಾಣದ ಕೈ" ಅಂತ. ಆ ಸಾಲು ಓದಿದಾಗ ನಾನು ತಲಿ ತಗ್ಗಿಸಿದೆ. ವಿನಯ ಅಂತ ತಿಳಕೊಂಡ್ರಿ ನೀವು. ವಿನಯ ಅಲ್ಲ ಅದು. ಆ ಹಿಂದಿನ ಕಂಬಕ್ಕ ಆತು ಕುಂತಾರಲ್ಲ, ಅವರು ನನ್ನ ವೈನಿ, ನಮ್ಮಣ್ಣ ದುಂಡಪ್ಪನವರ ಹೆಂಡತಿ, ಸಿದ್ದಲಿಂಗವ್ವನವರು. ಆ ಸಾಲು ಓದಿದಾಗ ನನ್ನ ಕಣ್ಣು ಅವರ ಕಡೆ ಹೋತು. ಯಾಕ ಹೋತು ಅನ್ನೂದನ್ನ ಹೇಳತೇನಿ, ಹೇಳದ ಕೆಳಗ ಇಳಿಯೂದಿಲ್ಲ. ಮೊದಲು ವಿಷಯಕ್ಕ ಬರೂಣು.

ಮಾಸ್ತರರು, "ಡಾಕ್ಟರ, ಬರೇ ಥ್ಯಾಂಕ್ಸ್ ಹೇಳಿ ಕುಂಡರಬ್ಯಾಡ್ರಿ, ಜನಕ್ಕ ಉಪಯೋಗ ಆಗೂವಂಥಾದ್ದು ಏನರ ಹೇಳ್ರಿ" ಅಂದ್ರು. ಹಂಗಾರ ಕೇಳ್ರಿ. ತಲಿಯೊಳಗ ರಕ್ತ ಒಡೆಯೂದು ಯಾಕ, ಅದನ್ನ ಗುರುತು ಹಿಡಿಯೂದು ಹ್ಯಾಂಗ, ಇದೇ ಇವತ್ತಿನ ನನ್ನ ಮಾತು. ಹೋಳಿಗಿ ಮುಂದ ಇಂಥ ವಿಷಯ ಅಂತ ಮಾರಿ ಕಿವುಚಬ್ಯಾಡ್ರಿ, ಎಲ್ಲಾರ ಕೊರಳ ಮ್ಯಾಲೂ ತಲಿ ಐತಿ.

ಒಂದು ತರದ್ದು ನಿಮಗೆಲ್ಲ ಗೊತ್ತಿದ್ದದ್ದ. ವಯಸ್ಸಾದ ಮನುಷ್ಯ, ಮೈ ತುಂಬಿದವ, ಸಿಟ್ಟಿನವ, ಮುಂಜಾನೆ ಎದ್ದು ಹೊಲಕ್ಕ ಹೊಂಟವ ಹೊಸ್ತಲದಾಗ ಕುಸೀತಾನ. ಬಾಯಿ ಒಂದು ಕಡೆ ಎಳಕೊಂತೈತಿ, ಒಂದು ಕೈ ಒಂದು ಕಾಲು ಸತ್ತಂಗ ಆಗತಾವ. ಲಕ್ವಾ ಹೊಡೀತು ಅಂತೀರಿ, ಪಾರಿವಾಳ ಕೊಯ್ದು ರಕ್ತ ತಿಕ್ಕತೀರಿ. ಪಾರಿವಾಳ ಏನು ತಪ್ಪು ಮಾಡಿತ್ತು? ಒಳಗ ಆಗಿದ್ದು ಇಷ್ಟ: ವರ್ಷ ಕಳದಂಗ ರಕ್ತದ ನಾಳ ಗಡುಸ ಆಗತಾವ, ಒತ್ತಡ ತಡೀಲಾರದ ಮಿದುಳಿನೊಳಗ ಒಂದು ನಾಳ ಒಡೀತೈತಿ. ಎಡ ಮಿದುಳಾಗ ಒಡದ್ರ ಬಲಗೈ ಹೋಗತೈತಿ, ಬಲಕ್ಕ ಒಡದ್ರ ಎಡಗೈ. ಅದಕ್ಕ ನಮ್ಮ ಕಡೆ ದೊಡ್ಡ ಔಷಧ ಇಲ್ಲ. ತಲಿ ಎತ್ತರ ಇಟ್ಟು ಮಲಗಿಸಬೇಕು, ಬಾಯಾಗ ನೀರು ಗಂಜಿ ಸುರೀಬಾರದು, ಗದ್ದಲ ಮಾಡಬಾರದು.

ಇನ್ನೊಂದು ತರದ್ದು ಕಪಟಿ. ಅದು ವಯಸ್ಸು ನೋಡೂದಿಲ್ಲ. ಕಿವಿ ಮುಂದ, ಕಣ್ಣಿನ ಬಾಜೂಕ ಮುಟ್ಟಿ ನೋಡ್ಕೊಳ್ರಿ. ಹಾಂ, ಅಲ್ಲೇ. ಅಲ್ಲಿ ಎಲುವು ಹಪ್ಪಳದಂಗ ತೆಳ್ಳಗ. ಅದರ ಒಳಮೈಗೆ ಹತ್ತಿಕೊಂಡು ಒಂದು ನಾಳ ಹರದೈತಿ. ಹೊರಗ ಪೆಟ್ಟು ಬಿತ್ತು, ಎಲುವು ಒಂದು ಕೂದಲಿನಷ್ಟು ಸೀಳ್ತು, ನಾಳ ಹರೀತು ಅಂತ ತಿಳೀರಿ. ಮನುಷ್ಯಾ ಒಂದು ಗಳಿಗಿ ಕಣ್ಣು ಕತ್ತಲಿ ಬಂದು ಬೀಳತಾನ. ಆಮೇಲೆ ಏಳತಾನ. ಎದ್ದು ಮಾತಾಡತಾನ, ನಗತಾನ, ರೊಟ್ಟಿ ಉಣ್ಣತಾನ. ಎಲ್ಲಾರೂ ದೇವರಿಗೆ ಕೈ ಮುಗಿದು ತಮ್ಮ ತಮ್ಮ ಕೆಲಸಕ್ಕ ಹೋಗತಾರ. ಒಳಗ ಮಾತ್ರ ರಕ್ತ ಹನಿ ಹನಿ ಕೂಡಾಕ ಹತ್ತಿರತೈತಿ. ತಲಿಬುರುಡಿ ಅಂದ್ರ ಬಾಯಿ ಮೆತ್ತಿದ ಗಡಗಿ, ಹಿಗ್ಗೂದಿಲ್ಲ. ರಕ್ತ ಕೂಡಿದಷ್ಟು ಮಿದುಳು ಒತ್ತತೈತಿ. ಒಂದೆರಡು ತಾಸಿಗೆ ತಲಿ ಸಿಡೀತೈತಿ, ವಾಂತಿ ಆಗತೈತಿ, ನಿದ್ದಿ ಎಳೀತೈತಿ. ಆ ನಿದ್ದಿಯೊಳಗ ನಾಡಿ ನಿಧಾನಾಗಿ ಭಾರ ಬಡೀತೈತಿ, ಉಸಿರು ಗಂಟಲದಾಗ ಗೊರಗೊರ ಅಂತೈತಿ, ಪೆಟ್ಟು ಬಿದ್ದ ಕಡೆಯ ಕಣ್ಣಿನ ಪಾಪಿ ಅಗಲ ಆಗಿ ಬೆಳಕಿಗೆ ಸಣ್ಣ ಆಗೂದಿಲ್ಲ. ಅಷ್ಟೊತ್ತಿಗೆ ಬುರುಡಿಗೆ ತೂತು ಹಾಕಿ ಆ ರಕ್ತ ತಗದ್ರ ಮನುಷ್ಯಾ ನಿಮ್ಮಂವ. ತಗೀಲಿಲ್ಲ ಅಂದ್ರ ದೀಪ ಹಚ್ಚೂದರೊಳಗ ಅಂವ ನಿಮ್ಮಂವ ಅಲ್ಲ.

ತೂತು ಹಾಕೂದು ಯಾತರಿಂದ? ನಮ್ಮ ಬಡಿಗೇರ ಮಂದಿಯ ಬೈರಿಗಿ ಇರತೈತಲ್ಲ, ಹಂಗ ಇರತೈತಿ, ಸಣ್ಣದು. ಸರಕಾರ ಎಲ್ಲಾ ದವಾಖಾನಿಗೂ ಒಂದೊಂದು ಕೊಟ್ಟೈತಿ, ಎಲ್ಲಾ ದವಾಖಾನ್ಯಾಗೂ ಅದು ತುಕ್ಕು ಹಿಡಿದು ಪೆಟಗಿ ತಳದಾಗ ಬಿದ್ದಿರತೈತಿ. ನಂದು ಒಮ್ಮೆ ತಿಕ್ಕಿ ತಗದ ಮ್ಯಾಲೆ ಮತ್ತ ತುಕ್ಕು ಹಿಡೀಲಿಲ್ಲ. ಇಪ್ಪತ್ತೆರಡು ವರ್ಷ ಪ್ರತಿ ಸೋಮವಾರ ತಗದು, ಕುದಿಸಿ, ಒರಸಿ, ಎಣ್ಣಿ ಹಚ್ಚಿ ಇಟ್ಟೆ. ಒಮ್ಮೆಯೂ ಉಪಯೋಗ ಬಿದ್ದಿದ್ದಿಲ್ಲ. ಕಂಪೌಂಡರ ಶಟ್ಟೆಪ್ಪ ನಗತಿದ್ದ, "ಸಾಹೇಬರ, ಇದಕ್ಕೂ ಒಂದು ವಿಭೂತಿ ಹಚ್ಚಿಬಿಡ್ರಿ, ಪೂಜಿ ಪೂರಾ ಆಗತೈತಿ" ಅಂತ. ನಗಲಿ ಬಿಡ್ರಿ. ಇಪ್ಪತ್ಮೂರನೇ ವರ್ಷ ಅದು ಎದ್ದು ನಿಂತಿತು.

ಅದು ಸನ್ ಸಾವಿರದ ಒಂಬೈನೂರ ಆರು. ಸವದತ್ತಿಯೊಳಗ ಇದ್ದೆ. ಉಗರಗೋಳದ ಹಾಲುಮತದ ಮಂದಿ ಬೀರಪ್ಪಗ ನಡಕೊಳ್ಳೂದು ನಿಮಗ ಗೊತ್ತು. ಹರಕಿ ಹೊತ್ತವ ದೇವರ ಮುಂದ ಕಂಬಳಿ ಮ್ಯಾಲೆ ಕುಂಡರತಾನ, ಪೂಜಾರಿ ಅವನ ನಡುನೆತ್ತಿ ಮ್ಯಾಲೆ ತೆಂಗಿನಕಾಯಿ ಒಡೀತಾನ. ಕಾಯಿ ಹೋಳಾಗತೈತಿ, ತಲಿಗೆ ಏನೂ ಆಗೂದಿಲ್ಲ. ನಾ ಎಷ್ಟೋ ಸಲ ಕಣ್ಣಾರೆ ಕಂಡೇನಿ, ನಡುನೆತ್ತಿ ಎಲುವು ಅಷ್ಟು ಗಟ್ಟಿ. ಕುರಿ ಕಾಯೂ ಮಾಳಪ್ಪ ಐದು ವರ್ಷ ಸತತ ಕಾಯಿ ಒಡಿಸಿಕೊಂಡವ. ಆ ವರ್ಷ ಕಾಯಿ ಇಳಿಯೂ ಗಳಿಗೆಗೆ ಒಂದು ಟಗರು ಒದರಿತು. ತನ್ನ ಟಗರು ಅಂತ ಮಾಳಪ್ಪ ಹೊಳ್ಳಿ ನೋಡಿದ. ಕಾಯಿ ಕಿವಿ ಮ್ಯಾಲೆ ಬಿತ್ತು. ಬಿದ್ದವ ಎದ್ದ, ನಕ್ಕ, ಕೊಬ್ಬರಿ ತಿಂದ, ಆಮೇಲೆ ಕಂಬಳಿ ಮ್ಯಾಲೇ ಒರಗಿ ನಿದ್ದಿ ಹೋದ. ಅವರೊಳಗ ಒಂದು ನಡಾವಳಿ ಐತಿ. ಹಂಗ ಮಲಗಿದವನ ಮೈಯಾಗ ದೇವರು ಇರತಾನ, ತಾನಾಗಿ ಏಳೂತನಕ ಯಾರೂ ಮುಟ್ಟಬಾರದು, ಕಂಬಳಿ ಮೆಟ್ಟಬಾರದು.

ಮಧ್ಯಾಹ್ನ ಅವನ ಹೆಂಡತಿ ಬೀರವ್ವ ಓಡಕೋತ ಸವದತ್ತಿ ದವಾಖಾನಿಗೆ ಬಂದ್ಲು. ಕಾಲಾಗ ಮುಳ್ಳು ಮುರದಿತ್ತು, ನೋಡಕೊಂಡಿದ್ದಿಲ್ಲ. ಆಕಿ ಅಂದ ಮಾತು ಒಂದ. "ಸಾಹೇಬರ, ಊರ ಮಂದಿ ದೇವರು ಅನ್ನಾಕ ಹತ್ಯಾರ್ರಿ. ನಾ ಹದಿನಾಲ್ಕು ವರ್ಷ ಬಾಳೇ ಮಾಡೇನಿ. ಇವರ ಗೊರಕಿ ಬ್ಯಾರೆ ಐತ್ರಿ."

ಆ ಮಾತು ಕೇಳಿ ನಾ ಬಿಸಿ ತಾಗಿದಂಗ ಎದ್ದೆ. ಶಟ್ಟೆಪ್ಪ ಗಾಬರಿ ಆದ. "ಪೆಟಗಿ ತಗೋ, ಚಕ್ಕಡಿ ಹೂಡಸು" ಅಂದೆ. ಒಂದು ಹೆಣ್ಣುಮಗಳು ಗೊರಕಿ ಬ್ಯಾರೆ ಐತಿ ಅಂದ್ರ ಡಾಕ್ಟರ ಇಷ್ಟು ಯಾಕ ಓಡಬೇಕು? ತಡೀರಿ, ಬಂದೆ.

ಗುಡಿ ಬಾಗಲದಾಗ ಪೂಜಾರಿ ಅಮೋಘಸಿದ್ದಪ್ಪಜ್ಜ ಕೋಲು ಅಡ್ಡ ಹಿಡಿದ. ಎಂಬತ್ತರ ಮುದುಕ, ನೋಟ ನೋಡಿದ್ರ ಟಗರು ಹಿಂದ ಸರೀಬೇಕು. "ಡಾಕ್ಟರಪ್ಪ, ನಿಮ್ಮ ಮ್ಯಾಲೆ ಗೌರವ ಐತಿ. ಕಂಬಳಿ ಮೆಟ್ಟಬ್ಯಾಡ್ರಿ." ನಾ ಚಪ್ಪಲಿ ಬಿಟ್ಟೆ. "ಅಜ್ಜಾರ, ಮೆಟ್ಟೂದಿಲ್ಲ. ದಂಡಿಗೆ ಕುಂತು ಕಣ್ಣಷ್ಟ ನೋಡತೇನಿ, ನೀವೂ ನೋಡ್ರಿ" ಅಂದೆ. ಮಾಳಪ್ಪನ ರೆಪ್ಪಿ ಎತ್ತಿ ಅಂಗೈ ಮುಚ್ಚಿ ಬಿಸಲಿಗೆ ತಗದೆ. ಒಂದು ಪಾಪಿ ಸಾಸಿವಿಯಷ್ಟು ಆತು. ಇನ್ನೊಂದು ಹಂಗ ಅಗಲ ನಿಂತಿತು. ಮೂರು ಸಲ ತೋರಿಸಿದೆ. "ಅಜ್ಜಾರ, ದೇವರು ಮೈಯಾಗ ಬಂದ್ರ ಎರಡೂ ಕಣ್ಣಿಗೆ ಬರಬೇಕೋ ಬ್ಯಾಡೋ? ಒಂದ ಕಣ್ಣಿಗೆ ಬರೂ ದೇವರು ಯಾವಾತ್ರಿ?"

ಮುದುಕ ಕೋಲೂರಿ ಮುಂದ ಬಂದ. ಬಗ್ಗಿ ತಾನೂ ಒಮ್ಮೆ ರೆಪ್ಪಿ ಎತ್ತಿ ನೋಡಿದ. ಆಮೇಲೆ ಕೋಲು ಗ್ವಾಡಿಗೆ ಆನಿಸಿ, ಕಂಬಳಿ ಅಂಚು ತನ್ನ ಕೈಯಾರೆ ಮಡಚಿದ. "ಮುಟ್ರಿ. ಪಾಪ ಇದ್ರ ನನಗ ಇರಲಿ" ಅಂದ. ಸಭಿಕರೇ, ನಾವು ಓದಿದವರು ಹಟ ಬಿಡಾಕ ವರ್ಷಗಟ್ಟಲೆ ತಗೋತೇವಿ. ಓದು ಬರದ ಆ ಮುದುಕ ಕಣ್ಣಿಂದ ನೋಡಿದ, ಅಲ್ಲೇ ಬಿಟ್ಟ. ಅವನ ಮುಂದ ನಾ ಸಣ್ಣವ.

ಸವದತ್ತಿಗೆ ಒಯ್ಯಾಕ ಹೊತ್ತಿದ್ದಿಲ್ಲ. ಗುಡಿ ಅಂಗಳದ ಬೇವಿನ ಗಿಡದ ಕೆಳಗ ಮಲಗಿಸಿದ್ವಿ. ಅಂಬಲಿ ಕಾಸೂ ಹಂಡೆಯೊಳಗ ಹತ್ಯಾರ ಕುದಿಸಿದ್ವಿ. ಶಟ್ಟೆಪ್ಪ ಕಿವಿ ಮ್ಯಾಲಿನ ಕೂದಲ ಬೋಳಿಸಿದ, ನಾ ಚರ್ಮ ಕೊಯ್ದು ಬೈರಿಗಿ ಹಚ್ಚಿದೆ. ಎಲುವಿನ ಬಿಲ್ಲಿ ಎದ್ದು ಬಂತು. ಹಿಂದ ಕರೀ ಹೆಪ್ಪು, ಬೊಗಸಿ ತುಂಬ. ಅದನ್ನ ಬಳದು, ಹರದ ನಾಳ ಹಿಡಿದು ಕಟ್ಟಿದೆ. ಅಡಗಿದ್ದ ಮಿದುಳು ಸಾವಕಾಶ ಮ್ಯಾಲೆದ್ದು ನಾಡಿಯಂಗ ಮಿಡಿಯಾಕ ಹತ್ತಿತು. ನಾ ಕಣ್ಣು ನೋಡಬೇಕು ಅನ್ನೂದರೊಳಗ ಗಿಡದ ಆ ಕಡೆ ಕುಂತಿದ್ದ ಬೀರವ್ವ ಕೂಗಿದ್ಲು. "ಇದ್ರೀ! ಇದು ನಮ್ಮವರ ಗೊರಕಿ!" ನನ್ನ ಪುಸ್ತಕಕ್ಕಿಂತ ಮೊದಲು ಆಕಿ ಹೇಳಿದ್ಲು. ಮರುದಿನ ಮುಂಜಾನೆ ಮಾಳಪ್ಪ ಕಣ್ಣು ತಗದು ಕೇಳಿದ ಮೊದಲ ಮಾತು ಯಾವುದು? "ಕಾಯಿ ಒಡೀತೇನು?"

ನಗ್ರಿ, ನಗ್ರಿ. ಅಲ್ಲೇ ಮೂರನೇ ಸಾಲಿನಾಗ ರುಮಾಲ ಸುತ್ತಕೊಂಡು ತಾನೂ ನಗಾಕ ಹತ್ಯಾನ ನೋಡ್ರಿ. ಈಗ ಅವನ ತಲಿಗೆ ಕಾಯಿ ಮುಟ್ಟಿಸಿ ಕಲ್ಲಿಗೆ ಒಡೀತಾರಂತ. ಇದಕ್ಕ ಧಾರವಾಡದಾಗ ಹೆಸರಾತು, ಸಿವಿಲ್ ಸರ್ಜನ್ ಸಾಹೇಬರು ಕಾಗದ ಬರದ್ರು. ಮಾನಪತ್ರದೊಳಗೂ ಇದ ಬಂದೈತಿ. ಹೆಮ್ಮಿ ಪಡಬಾರದೇನು? ಪಡತೇನಿ.

ಆದರ ಬೈರಿಗಿಗೆ ಇಪ್ಪತ್ತೆರಡು ವರ್ಷ ಎಣ್ಣಿ ಹಚ್ಚಿದ್ದು ಯಾಕ ಅಂತ ಯಾರೂ ಕೇಳಲಿಲ್ಲ. ಸಿವಿಲ್ ಸರ್ಜನ್ನರೂ ಕೇಳಲಿಲ್ಲ. ಇವತ್ತ ನಾನ ಹೇಳತೇನಿ.

ನೌಕರಿಗೆ ಸೇರಿ ಮೂರನೇ ವರ್ಷ. ರಜಾ ತಗೊಂಡು ಸಂಪಗಾಂವಕ್ಕ ಬಂದಿದ್ದೆ. ಹೊಸಾ ಕೋಟು, ಎದಿ ಮ್ಯಾಲೆ ಗಡಿಯಾರದ ಸರಪಳಿ. ಬೆಳಿಗ್ಗೆ ಅಣ್ಣ ಜೋಳದ ಚೀಲ ಹೇರಿದ ಚಕ್ಕಡಿ ತಂದು ಅಂಗಳದಾಗ ಎತ್ತಿನ ಕೊಳ್ಳ ಹರದು ನೊಗದಿಂದ ಬಿಟ್ಟ. ಚಕ್ಕಡಿ ಹಿಂಭಾರ ಇತ್ತು. ಎತ್ತು ಸರದ ಕೂಡಲೆ ನೊಗ ಮ್ಯಾಲಕ್ಕ ಜಿಗಿದು ಅವನ ಕಿವಿ ಮ್ಯಾಲೆ ಬಡೀತು. ಬಿದ್ದ. ಎದ್ದು ಕುಂತ. "ಎತ್ತು ಒದಿಯೂದು ಕಂಡಿದ್ದೆ, ನೊಗಾನೂ ಒದಿಯಾಕ ಹತ್ತಿತಲ್ಲೋ" ಅಂತ ನಕ್ಕ. ನಾ ಗಾಯಕ್ಕ ಎರಡು ಹೊಲಿಗಿ ಹಾಕಿದೆ. "ಏನೂ ಆಗಿಲ್ಲ. ರೊಟ್ಟಿ ಉಣಿಸ್ರಿ, ಮಲಗಿಸ್ರಿ, ನಿದ್ದಿಗಿಂತ ದೊಡ್ಡ ಔಷಧ ಇಲ್ಲ" ಅಂದೆ. ಉಣಿಸ್ರಿ ಅಂದವ ನಾನು. ಮಲಗಿಸ್ರಿ ಅಂದವ ನಾನು. ಎಲ್ಲಾರೂ ಚಂದಾಗಿ ಕೇಳ್ರಿ. ವೈನಿ ಉಣಿಸಿದ್ರು, ಮಲಗಿಸಿದ್ರು.

ನಾ ಕಟ್ಟಿ ಮ್ಯಾಲೆ ಹಿರಿಯರ ನಡುವ ಕುಂತು ಪುಣೆಯ ಬಡಿವಾರ ಹೇಳಾಕ ಹತ್ತಿದ್ದೆ. ವೈನಿ ಬಾಗಲಕ್ಕ ಬಂದು ಮೆಲ್ಲಗ ಅಂದ್ರು, "ಉಳವಪ್ಪ, ನಿಮ್ಮಣ್ಣನ ಗೊರಕಿ ಬ್ಯಾರೆ ಐತೋ." ನಾ ಏನಂದೆ ಗೊತ್ತೇನ್ರಿ? "ವೈನಿ, ಗೊರಕಿ ವಿದ್ಯಾ ನಮಗ ಪುಣೆಯೊಳಗ ಕಲಿಸಿಲ್ಲ." ಕಟ್ಟಿ ಮ್ಯಾಲಿನವರೆಲ್ಲ ಘೊಳ್ಳಂತ ನಕ್ರು. ಕಲಿಸಿದ್ರು ಸಭಿಕರೇ. ಕಲಿಸಿದ್ರು. ಪುಸ್ತಕದೊಳಗ ಇತ್ತು, ಓದಿ ಪಾಸೂ ಆಗಿದ್ದೆ. ಆದರ ಇಂಗ್ಲೀಷಿನಾಗ ಓದಿದ್ದು, ಅಡಗಿಮನಿ ಬಾಗಲದಾಗ ನಿಂತು ಕನ್ನಡದಾಗ ಹೇಳಿದ್ರ ನನಗ ಗುರುತ ಹತ್ತಲಿಲ್ಲ. ಎರಡನೇ ಸಲ ಬಂದ್ರು, "ವಾಂತಿ ಮಾಡಕೊಂಡ್ರು" ಅಂದ್ರು. "ರೊಟ್ಟಿ ಹೆಚ್ಚಾತು" ಅಂದೆ. ಮೂರನೇ ಸಲ ಬಂದವರು ಏನೂ ಅನ್ನಲಿಲ್ಲ, ಸುಮ್ಮನ ನಿಂತ್ರು. ಮಾತಿಲ್ಲದ ನಿಂತದ್ದಕ್ಕ ನಾ ಒಳಗ ಹೋದೆ. ರೆಪ್ಪಿ ಎತ್ತಿದೆ. ಒಂದು ಪಾಪಿ ಸಣ್ಣದು, ಒಂದು ಅಗಲ. ಕೈಯಾಗ ಹತ್ಯಾರಿಲ್ಲ, ಬೈರಿಗಿ ಕಿತ್ತೂರ ದವಾಖಾನಿ ಪೆಟಗ್ಯಾಗ ತುಕ್ಕು ಹಿಡಿದು ಬಿದ್ದಿತ್ತು. ಹೊತ್ತು ಮುಳಗೂದರೊಳಗ ನಮ್ಮಣ್ಣ ಹೋದ. ಮೂವತ್ತು ವರ್ಷದವ.

ಊರು ಏನಂತು? ತಲಿಗೆ ಪೆಟ್ಟು ಬಿದ್ದವಗ ರೊಟ್ಟಿ ತಿನಿಸಿದ್ಲು ಅಂತು. ಎಬ್ಬಿಸೂದು ಬಿಟ್ಟು ಮಲಗಿಸಿದ್ಲು ಅಂತು. ಆ ಕೈಯಿಂದ ಉಂಡವ ಉಳೀಲಿಲ್ಲ ಅಂತು. ಅವತ್ತಿನಿಂದ ಇವತ್ತಿನ ತನಕ ನಮ್ಮ ಮಂದಿಯ ಯಾವ ಮದುವಿ, ಯಾವ ಪಂಕ್ತಿಯೊಳಗೂ ಅವರು ನೀಡಾಕ ಬಗ್ಗಿಲ್ಲ. ಯಾರೂ ನೀಡ್ರಿ ಅಂತ ಅಂದಿಲ್ಲ. ಇಪ್ಪತ್ತೊಂಬತ್ತು ವರ್ಷ. ಮತ್ತ ನಾನು? ನಾ ಅಲ್ಲೇ ಇದ್ದೆ, ಕೇಳಿದೆ, ಸುಮ್ಮನಿದ್ದೆ. ಹೊಸಾ ಡಾಕ್ಟರನ ಹೆಸರು ಕೆಡಬಾರದಲ್ಲ! ವೈನಿ ಒಂದು ದಿನಾನೂ ಬಾಯಿ ಬಿಡಲಿಲ್ಲ. ಇನ್ನೊಬ್ಬರಾಗಿದ್ರ ಅಂಗಳದಾಗ ನಿಂತು ನನ್ನ ಮಾನ ತಗೀತಿದ್ರು. ಹೋದ ವಾರ ನಾನ ಹೋಗಿ, ಸಭಾಕ್ಕ ಬರ್ರಿ ಅಂತ ಕರದೆ. "ನಿನ್ನ ಕೊರಳಾಗಿನ ಹಾರ ನೋಡಾಕ ಬರತೇನಿ, ಹಿಂದ ಕುಂಡರತೇನಿ" ಅಂದ್ರು. ಅದಕ್ಕ ಆ ಕಂಬ.

ನೀಲಪ್ಪ ಮಾಸ್ತರರೇ, ನಿಮ್ಮ ಅಕ್ಷರ ಮುತ್ತಿನಂಥಾವು. ಆದರ ಆ ಸಾಲು ಹೊಡದು ಹಾಕ್ರಿ. ಈ ಕೈ ತಪ್ಪು ಕಂಡೈತಿ, ಆ ತಪ್ಪಿಗೆ ಎಣ್ಣಿ ಹಚ್ಚಿ ಇಟ್ಟೈತಿ. ಆ ಜಾಗಾದಾಗ ಹಿಂಗ ಬರೀರಿ: ಈ ಸೀಮಿಯೊಳಗ ತಲಿಯೊಳಗಿನ ರಕ್ತ ಒಡದದ್ದನ್ನ ನನಗಿಂತ ಮೊದಲು ಗುರುತು ಹಿಡಿದವರು ಸಂಪಗಾಂವದ ಸಿದ್ದಲಿಂಗವ್ವನವರು. ಯಾವ ಪುಸ್ತಕ ಓದದ, ಬರೇ ಕಿವಿಯಿಂದ. ಮಾಳಪ್ಪ ಇವತ್ತ ಮೂರನೇ ಸಾಲಿನಾಗ ಕುಂತಿದ್ರ ಅವರು ಅಂದ ಮಾತಿನಿಂದ ಕುಂತಾನ. ನಾ ಎಷ್ಟು ಹೆಮ್ಮಿ ಪಟ್ಟೆ ಇವತ್ತ, ಅದರಾಗ ಅರ್ಧಕ್ಕಿಂತ ಹೆಚ್ಚು ಅವರದ್ದು.

ವೈನಿ, ನೀವು ಅವತ್ತ ಹೇಳಿದ್ದು ಖರೇ ಇತ್ತು. ತಪ್ಪು ನಂದು. ನಾಲ್ಕು ಮಂದಿ ಮುಂದ ನಕ್ಕಿದ್ದೆ, ನಾಲ್ಕುನೂರು ಮಂದಿ ಮುಂದ ತಪ್ಪಾತು ಅನ್ನಾಕ ಹತ್ತೇನಿ.

ಇನ್ನೊಂದು ಮಾತು ಐತಿ. ಈಗ ಊಟಕ್ಕ ಎಬ್ಬಸ್ತಾರ. ನನ್ನ ಎಡಿಗೆ ಮೊದಲ ಹೋಳಿಗಿ ವೈನಿ ಕೈಲೆ ಬೀಳಬೇಕು. ಅವರು ನೀಡೂತನಕ ನಾ ತುತ್ತು ಎತ್ತೂದಿಲ್ಲ, ಸತ್ಕಾರದವನು ಎತ್ತದ ನೀವು ಎತ್ತಂಗಿಲ್ಲ. ಹೋಳಿಗಿ ಆರಿದ್ರ ನನ್ನ ಬೈಬ್ಯಾಡ್ರಿ.

ಅಯ್ಯ, ವೈನಿ, ಯಾಕ ಎದ್ರಿ? ಎಲ್ಲಿ ಹೊಂಟ್ರಿ? ಬೀರವ್ವ, ಹಿಡಿಯವ್ವಾ ಅವರನ್ನ, ಹೋಗಗೊಡಬ್ಯಾಡ...

ಬ್ಯಾಡ, ಬ್ಯಾಡ. ಬಿಡವ್ವಾ. ಹಾದಿ ಬಿಡ್ರಿ ಎಲ್ಲಾರೂ. ಅವರು ಮನಿಗೆ ಹೊಂಟಿಲ್ಲ. ಸೆರಗು ಸೊಂಟಕ್ಕ ಸಿಗಿಸ್ಯಾರ, ಹಿತ್ತಲದ ಕಡೆ ಹೊಂಟಾರ.

ಅಧ್ಯಕ್ಷರಿಗೆ, ಅತಿಥಿಗಳಿಗೆ, ಮಾಸ್ತರರಿಗೆ, ಎರಡು ಮಾತು ಅಂತ ಎದ್ದು ಇಷ್ಟು ಹೊತ್ತು ಹಿಡದ ನನ್ನನ್ನ ಸೈರಿಸಿದ ನಿಮಗೆಲ್ಲ ಉಪಕಾರ ಆತು. ನಾನೂ ಈ ಹಾರ ತಗದಿಟ್ಟು ಬರತೇನಿ. ಏಳ್ರಿ, ಎಡಿ ಹಾಕ್ಯಾರ. ನಮಸ್ಕಾರ.